ವೈಪರ್ ಮಲಗುವ ಜಾಗ

ಜೂನ್ ೩, ಸೋಮವಾರ

ಇವತ್ತು ಉಪವಾಸ. ಇವರು ಮನೆಗೆ ಬರುವ ತನಕ ಸೋಮವಾರ ಹೊತ್ತು ಮುಳುಗುವವರೆಗೆ ಬರೀ ನೀರು ಎಂದು ದೇವರ ಮುಂದೆ ಹೇಳಿಕೊಂಡಿದ್ದೇನೆ. ಇದು ಹದಿನಾರನೆಯದು. ಬೆಳಿಗ್ಗೆ ಎದ್ದು ಕಸ ಗುಡಿಸಿದೆ, ನೆಲ ಒರೆಸಿದೆ, ನೀರು ಹಿಡಿದಿಟ್ಟೆ, ದೀಪ ಹಚ್ಚಿದೆ. ಒಬ್ಬಳೇ ಇರುವ ಮನೆಯಲ್ಲಿ ಕಸ ಎಲ್ಲಿಂದ ಬೀಳಬೇಕು? ಬೀಳದಿದ್ದರೂ ಗುಡಿಸುತ್ತೇನೆ. ಇಲ್ಲದಿದ್ದರೆ ಏಳು ಗಂಟೆಯಿಂದ ಎಂಟು ಗಂಟೆಗೆ ಹೋಗುವುದೇ ದೊಡ್ಡ ಪ್ರಯಾಣ. ಆಮೇಲೆ ಶಾಲೆ ಮಕ್ಕಳ ಎಂಟು ಚಡ್ಡಿಗಳಿಗೆ ಅಂಚು ಮಡಿಚಿ ಹೊಲಿದೆ.

ಸೋಮವಾರ ಇನ್ನೊಂದು ಕೆಲಸ ಇವರ ಕಾರಿನದು. "ವಾರಕ್ಕೊಂದ್ಸಲ ಹತ್ತು ನಿಮಿಷ ಸ್ಟಾರ್ಟ್ ಮಾಡಿಡು, ಇಲ್ಲಾಂದ್ರೆ ಬ್ಯಾಟರಿ ಸಾಯುತ್ತೆ" ಎಂದು ಆಸ್ಪತ್ರೆಗೆ ಹೊರಟ ದಿನ ಹೇಳಿದ್ದರು. ಕಾಲಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ, ಬ್ಯಾಟರಿಯ ಬಗ್ಗೆ ಆಡಿದ್ದರು. ಇಪ್ಪತ್ತೆರಡು ವರ್ಷದ ಗಾಡಿ. ಅದರಲ್ಲಿ ಔಷಧದ ಪೆಟ್ಟಿಗೆಗಳನ್ನು ತುಂಬಿಕೊಂಡು ಅಂಗಡಿ ಅಂಗಡಿಗೆ ಹಂಚುತ್ತಿದ್ದರು. ಊರಿಗೆಲ್ಲ ಸಕ್ಕರೆ ಕಾಯಿಲೆಯ ಮಾತ್ರೆ ಹಂಚಿದವರು ತಾವು ಮಾತ್ರ ನೆಟ್ಟಗೆ ನುಂಗಲಿಲ್ಲ. ಹೆಬ್ಬೆರಳಿನ ಹುಣ್ಣು ಪಾದಕ್ಕೆ ಬಂತು, ಕೊನೆಗೆ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಈಗ ಅರವತ್ತು ಕಿಲೋಮೀಟರ್ ಆಚೆಯ ದೊಡ್ಡಾಸ್ಪತ್ರೆಯಲ್ಲಿ ಕಟ್ಟುಗಾಲು ಹಾಕಿಕೊಂಡು ನಡೆಯುವುದನ್ನು ಕಲಿಯುತ್ತಿದ್ದಾರೆ.

ಎರಡು ವರ್ಷದ ಹಿಂದೆ ಪಾದಕ್ಕೆ ಜೋಮು ಹಿಡಿಯತೊಡಗಿದಾಗ ಇವರೇ ನನಗೆ ಗಾಡಿ ಕಲಿಸಿ ಲೈಸೆನ್ಸ್ ಮಾಡಿಸಿದರು. ಬಿಸಿಲಿದ್ದ ದಿನ ಮಾರ್ಕೆಟ್ಟಿಗೆ ಹೋಗಿ ಬಂದದ್ದು ಬಿಟ್ಟರೆ ನಾನು ಓಡಿಸಿದ್ದಿಲ್ಲ. ಸೀಟು ಇವರ ಉದ್ದಕ್ಕೆ ಹಿಂದಿದೆ. ಅದನ್ನು ಮುಟ್ಟುವುದಿಲ್ಲ. ಬೆನ್ನಿಗೆ ದಿಂಬು ಒತ್ತಿಕೊಂಡು ತುದಿಯಲ್ಲಿ ಕೂರುತ್ತೇನೆ.

ಕೂತಿದ್ದಾಗ ಹನಿ ಬಿತ್ತು, ಈ ವರ್ಷದ ಮೊದಲ ಹನಿ. ವೈಪರ್ ಹಾಕಿದೆ. ಒಳಗೆಲ್ಲೋ ಮೋಟರ್ ಗುರ್ ಅನ್ನುತ್ತದೆ, ಹೊರಗೆ ಎರಡು ಕಡ್ಡಿಗಳೂ ಸತ್ತ ಮಿಡತೆಯ ಕಾಲಿನ ಹಾಗೆ ಬಿದ್ದಿವೆ. ಹೋದ ವರ್ಷವೇ ಅವು ಒಮ್ಮೆ ಏಳುತ್ತಿದ್ದವು, ಒಮ್ಮೆ ಇಲ್ಲ. ಇವರು ಕೋಲಿಗೆ ಬಟ್ಟೆ ಸುತ್ತಿ, ಕಿಟಕಿಯಿಂದ ಕೈ ಚಾಚಿ ಒರೆಸಿಕೊಂಡು ಓಡಿಸುತ್ತಿದ್ದರು. "ಎಷ್ಟು ದಿನ ಹೀಗೆ?" ಅಂದರೆ, "ನನ್ನ ಕೈ ಇರೋ ತನಕ" ಅನ್ನುತ್ತಿದ್ದರು.

ದೇವರೇ, ಕೈ ಕಾಲು ಅಂತೆಲ್ಲ ತಮಾಷೆಗೆ ಆಡಿದ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಪ್ಪ. ಇವರನ್ನು ಮನೆಗೆ ಕಳಿಸು. ನನಗೆ ಬೇರೆ ಏನೂ ಬೇಡ. ಬೇಡಬಾರದೆಂದರೆ ಅದೂ ಹೇಳು, ಹೇಗೋ ಇರುತ್ತೇನೆ. ಆದರೆ ಕಳಿಸು.

ಜೂನ್ ೪, ಮಂಗಳವಾರ

ಬ್ರೆಡ್ ವ್ಯಾನಿನವನು ಬಂದಿದ್ದ. ಮಂಗಳವಾರ, ಶುಕ್ರವಾರ ದೊಡ್ಡಾಸ್ಪತ್ರೆಯ ಕ್ಯಾಂಟೀನಿಗೆ ಬ್ರೆಡ್ ಹಾಕಿ ನಮ್ಮ ಬೀದಿಗೂ ಬರುತ್ತಾನೆ, ಸಂಜೆ ಮತ್ತೆ ಆ ಕಡೆಗೇ ವಾಪಸು ಹೋಗುತ್ತಾನೆ. ಭಾವನ ಕಾಗದ ತರುವವನೂ ಅವನೇ. ಭಾವ ಅಂದರೆ ಇವರ ಅಣ್ಣ, ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಮನೆ. ಕಿವಿ ಮಂದ, ಫೋನು ಒಗ್ಗದು. ಅಲ್ಲದೆ ಮೂವತ್ತೈದು ವರ್ಷ ಕಚೇರಿಯಲ್ಲಿ ಕಾಗದಕ್ಕೆ ಮೊಹರು ಒತ್ತಿದವರು, ಬರವಣಿಗೆಯಲ್ಲಿ ಇಲ್ಲದ್ದು ನಡೆದೇ ಇಲ್ಲ ಅನ್ನುವವರು. ಇವರು ಅವರನ್ನು ಬೆನ್ನ ಹಿಂದೆ "ಮೊಹರು" ಅನ್ನುತ್ತಿದ್ದರು.

"ಅಕ್ಕಾ, ದಪ್ಪ ಕವರ್ ಇದೆ, ಏನೋ ಆಸ್ತಿ ಬಂದಂಗಿದೆ" ಅಂದ ವ್ಯಾನಿನವನು.

"ಆಸ್ತಿ ಎಲ್ಲಿಂದ ಬರಬೇಕಪ್ಪ? ಇರೋ ಒಂದು ಆಸ್ತೀನೂ ಅಲ್ಲೇ ಮಲಗಿದೆ" ಅಂದೆ. ನಕ್ಕ. ನಾನೂ ನಕ್ಕೆ. ಎಷ್ಟು ದಿನದ ಮೇಲೆ ಬಾಯಿ ಬಿಟ್ಟು ಮಾತಾಡಿದ್ದೋ, ಗಂಟಲು ಕೆರೆಯಿತು.

ಭಾವನ ಕಾಗದ: ಒಂದು, ಇಪ್ಪತ್ತೆರಡನೇ ತಾರೀಖು ಆಸ್ಪತ್ರೆಯಿಂದ ಬಿಡುಗಡೆ. ಎರಡು, ಆಮೇಲೂ ಆರು ತಿಂಗಳು ವಾರಕ್ಕೆ ಮೂರು ದಿನ ವ್ಯಾಯಾಮಕ್ಕೆ ಬರಲೇಬೇಕು, ತಪ್ಪಿದರೆ ಕಾಲು ಕೂರುವುದಿಲ್ಲ. ಮೂರು, ಬಸ್ಸು ಹತ್ತಿ ಇಳಿಯುವುದು ಅವನಿಂದ ಆಗದು. ನಾಲ್ಕು, ಕಾರಿನ ವೈಪರ್ ಕೆಟ್ಟಿರುವುದು ತಿಳಿದ ವಿಷಯ, ಮಳೆಗಾಲ ಎದುರಿಗಿದೆ, ಹೆಣ್ಣುಮಗಳು ಆ ಗಾಡಿಯಲ್ಲಿ ಅವನನ್ನು ಕರೆತರುವುದು ಸಾಧ್ಯವಿಲ್ಲ. ಐದು, ಆದ್ದರಿಂದ ಅವನು ನನ್ನ ಮನೆಯಲ್ಲೇ ಕಾಯಂ ಇರತಕ್ಕದ್ದು. ನೀನು ಬೇಕೆಂದಾಗ ಬಂದು ನೋಡಿಕೊಂಡು ಹೋಗಬಹುದು. ಆರು, ಕಾರನ್ನು ಮಾರತಕ್ಕದ್ದು.

ಜೊತೆಗೊಂದು ಒಪ್ಪಿಗೆ ಪತ್ರ. ನಾನು ರುಜು ಹಾಕಿ ಇಪ್ಪತ್ತೊಂದನೇ ತಾರೀಖು, ಶುಕ್ರವಾರ, ವ್ಯಾನಿನವನ ಕೈಗೆ ಕೊಡಬೇಕಂತೆ.

ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ. ಮಕ್ಕಳಿಲ್ಲ. ಇದ್ದದ್ದು ಇಬ್ಬರೇ. ಈಗ ನಾನು "ಬೇಕೆಂದಾಗ ಬಂದು ನೋಡಿಕೊಂಡು ಹೋಗುವವಳು."

ಜೂನ್ ೫, ಬುಧವಾರ

ನಿನ್ನೆ ನೋಡಿರಲಿಲ್ಲ. ಒಪ್ಪಿಗೆ ಪತ್ರದ ಕೆಳಗೆ ಇವರ ರುಜು ಆಗಲೇ ಬಿದ್ದಿದೆ.

ಜೂನ್ ೮, ಶನಿವಾರ

ಎರಡು ಬಸ್ಸು ಬದಲಿಸಿ ಆಸ್ಪತ್ರೆಗೆ ಹೋಗಿ ಬಂದೆ. ವಾರ್ಡಿನಲ್ಲಿ ಇರುವುದೊಂದೇ ಕುರ್ಚಿ, ಅದರಲ್ಲಿ ಭಾವ. ಹಣ್ಣಿನ ಸಿಪ್ಪೆ ತೆಗೆದು ಹೋಳು ಮಾಡಿ ತಮ್ಮನ ಕೈಗೆ ಕೊಡುತ್ತಿದ್ದರು. ಅವರ ಶರ್ಟಿಗೆ ಎರಡು ಗುಂಡಿ ಇರಲಿಲ್ಲ. ಓರಗಿತ್ತಿ ತೀರಿಕೊಂಡು ನಾಲ್ಕು ವರ್ಷವಾಯಿತು, ಯಾರು ಹಾಕಿಕೊಡಬೇಕು? ಬೈಯಲು ಹೋದವಳು ಆ ಶರ್ಟು ನೋಡಿ ಹಣ್ಣಿನ ಸಿಪ್ಪೆ ಬಾಚಿ ಬುಟ್ಟಿಗೆ ಹಾಕಿದೆ.

ಇವರು ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು. ಗೋಡೆಗೆ ಕಟ್ಟುಗಾಲು ಒರಗಿಸಿತ್ತು.

"ರೀ, ನಿಮಗೇನನ್ಸುತ್ತೆ?" ಎಂದು ಕೇಳಿದೆ.

"ಅವನಿಗೇನನ್ಸೋದು? ಎಲ್ಲಾ ಬರೆದಿದೀನಲ್ಲಮ್ಮ" ಅಂದರು ಭಾವ. ಬೇಡದ್ದು ಮಾತ್ರ ಅವರಿಗೆ ಚೆನ್ನಾಗಿ ಕೇಳಿಸುತ್ತದೆ.

ಹೊರಡುವಾಗ ಇವರು ಒಂದು ಮಾತು ಆಡಿದರು.

"ಗಾಡಿ ಸ್ಟಾರ್ಟ್ ಮಾಡ್ತಿದೀಯಾ?"

"ಹೂಂ, ಸೋಮವಾರ ಸೋಮವಾರ."

"ಮಳೇಲಿ ತೆಗೀಬೇಡ."

ಅಷ್ಟೇ. ಇಪ್ಪತ್ತೊಂಬತ್ತು ವರ್ಷಕ್ಕೆ ಅಷ್ಟೇ. ಮನೆಗೆ ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅನ್ನಲಿಲ್ಲ. ಗಾಡಿಯಂತೆ, ಮಳೆಯಂತೆ.

ಬರುವಾಗ ಬಸ್ಸಿನಲ್ಲಿ ಮಳೆ ಹಿಡಿಯಿತು. ಸೀಟು ಖಾಲಿಯಿದ್ದರೂ ಡ್ರೈವರಿನ ಪಕ್ಕ ಕಂಬಿ ಹಿಡಿದು ನಿಂತೆ. ದೊಡ್ಡ ವೈಪರು ಒಂದು ಸಲ ಹೋದರೆ ದಾರಿ ಹುಟ್ಟುತ್ತದೆ, ಎರಡು ಎಣಿಸುವಷ್ಟರಲ್ಲಿ ಅಳಿಸಿಹೋಗುತ್ತದೆ, ಮತ್ತೆ ಹುಟ್ಟುತ್ತದೆ.

"ಕೂತ್ಕೊಳಮ್ಮಾ, ಕೂತ್ರೂ ಟಿಕೆಟ್ ದುಡ್ಡು ಅಷ್ಟೇ" ಅಂದ ಡ್ರೈವರ್.

"ನೋಡ್ತಿದೀನಿ" ಅಂದೆ.

"ಏನು ನೋಡ್ತಿದೀರಾ? ದಾರಿ ನಾನು ನೋಡ್ತಿದೀನಲ್ಲ!"

ಜೂನ್ ೧೦, ಸೋಮವಾರ

ಉಪವಾಸ. ಬಿಡಿಭಾಗದ ಅಂಗಡಿಗೆ ಹೋದೆ. ಗಾಡಿಯ ವರ್ಷ ಹೇಳಿದ ಕೂಡಲೇ ಅಂಗಡಿಯವರು ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು.

"ಅಮ್ಮಾ, ಆ ಗಾಡಿ ಇನ್ನೂ ಓಡುತ್ತಾ?"

"ಓಡುತ್ತೆ. ವೈಪರ್ ಓಡಲ್ಲ."

"ಮೋಟರ್ ಸದ್ದು ಬರುತ್ತಾ?"

"ಬರುತ್ತೆ."

"ಹಾಗಾದ್ರೆ ಮೋಟರ್ ಜೀವಂತ ಇದೆ. ಒಳಗೆ ಸಲಾಕೆ ಕಳಚಿದೆ. ಅದರ ಪೂರ್ತಿ ಸೆಟ್ ತರಿಸಬೇಕು, ಮೂರು ವಾರ."

"ನನಗೆ ಹನ್ನೊಂದು ದಿನದಲ್ಲಿ ಬೇಕು."

"ಗಾಡಿ ಇಪ್ಪತ್ತೆರಡು ವರ್ಷ ಕಾದಿದೆ, ನೀವು ಮೂರು ವಾರ ಕಾಯೋಕಾಗಲ್ವಾ?" ಅಂದು ತಮ್ಮ ಮಾತಿಗೆ ತಾವೇ ನಕ್ಕರು. ನನ್ನ ಮುಖ ನೋಡಿ ನಿಲ್ಲಿಸಿದರು. ಸೆಟ್ಟಿಗೆ ಹೆಸರು ಬರೆಸಿ ಬಂದೆ.

ಪಕ್ಕದ ಬೀದಿಯ ಗ್ಯಾರೇಜಿನವನು ಹಳೇ ಗಾಡಿ ಮುಟ್ಟುವುದಿಲ್ಲವಂತೆ. "ಒಂದು ಬಿಚ್ಚಿದ್ರೆ ನಾಲ್ಕು ಮುರಿಯುತ್ತಮ್ಮ, ಆಮೇಲೆ ನೀವು ನನಗೆ ಶಾಪ ಹಾಕ್ತೀರಿ" ಅಂದ. ಶಾಪ ಹಾಕುವವಳಂತೆ ಕಾಣುತ್ತೇನೇನೋ.

ಜೂನ್ ೧೧, ಮಂಗಳವಾರ

ವ್ಯಾನಿನವನು ಬ್ರೆಡ್ ಕೊಟ್ಟು ಹೊರಟವನು ತಿರುಗಿ ಬಂದ.

"ಅಕ್ಕಾ, ಹೇಳಬೇಕೋ ಬೇಡವೋ ಗೊತ್ತಿಲ್ಲ. ಮಳೆ ಬಂದ್ರೆ ನಿಮ್ಮನೆಯವರು ಕಿಟಕಿ ಬಿಟ್ಟು ಅಲ್ಲಾಡಲ್ಲ. ನಾನು ಕ್ಯಾಂಟೀನಿಗೆ ಹೋಗೋವಾಗ ಕರೀತಾರೆ. 'ಆ ಕಡೇನೂ ಮಳೆ ಇತ್ತಾ? ನಮ್ಮ ಗಾಡಿ ಬಾಗಿಲಲ್ಲೇ ಇತ್ತಾ?' ಅಂತ ಕೇಳ್ತಾರೆ. ಬಾಗಿಲಲ್ಲೇ ಇತ್ತು ಅಂದ್ರೆ ಉಸಿರು ಬಿಡ್ತಾರೆ."

"ಗಾಡಿ ಮೇಲೆ ಅಷ್ಟು ಜೀವ ಅವರಿಗೆ" ಅಂದೆ.

"ಗಾಡಿ ಮೇಲಲ್ಲ ಅಕ್ಕ. ಮೊನ್ನೆ ಅಂದ್ರು, 'ನಾನು ಮನೇಗೆ ಹೋದ್ರೆ ಅವಳು ವಾರಕ್ಕೆ ಮೂರು ದಿನ ಕುರುಡು ಗಾಜಿನ ಹಿಂದೆ ಕೂತು ನನ್ನನ್ನ ಹೊರಬೇಕು. ಕೋಲಿನಿಂದ ಒರೆಸ್ತಾ ಒರೆಸ್ತಾ ನಾನೇ ಎರಡು ಸಲ ಇನ್ನೇನು ಲಾರಿ ಕೆಳಗೆ ಹೋಗ್ತಿದ್ದೆ. ಮನೇಲಿ ಹೇಳಿಲ್ಲ' ಅಂತ."

ಎರಡು ಸಲ. ನನಗೆ ಹೇಳಿಲ್ಲ. ಬ್ರೆಡ್ಡಿನವನಿಗೆ ಹೇಳಿದ್ದಾರೆ.

ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ದೇವರ ಮುಂದೆ ಕೂತು ತಪ್ಪಾಯಿತು ಅಂದೆ. ಕೂತಿದ್ದಾಗಲೇ ಇವರ ರುಜು ಕಣ್ಣ ಮುಂದೆ ಬಂತು. ಹಾಕಿದ ಕೈ ಹೆದರಿದ ಕೈ. ನಾನು ಬೇಡವೆಂದು ಹಾಕಿದ್ದಲ್ಲ.

ಗ್ಯಾರೇಜಿನವನು ಬಿಚ್ಚದಿದ್ದರೆ ನಾನೇ ಬಿಚ್ಚುತ್ತೇನೆ.

ಜೂನ್ ೧೨, ಬುಧವಾರ

ಇವತ್ತು ಬರೆಯುವುದು ಬಹಳವಿದೆ.

ಗಾಜಿನ ಬುಡದಲ್ಲಿ ಉದ್ದಕ್ಕೆ ಒಂದು ಕಪ್ಪು ಪ್ಲಾಸ್ಟಿಕ್ ಪಟ್ಟಿ ಇದೆ. ಎಲ್ಲ ಇರುವುದು ಅದರ ಕೆಳಗೆ. ಆದರೆ ಎರಡು ವೈಪರ್ ಕಡ್ಡಿಗಳನ್ನು ಕೀಳದೆ ಅದು ಏಳುವುದಿಲ್ಲ. ಕಡ್ಡಿಯ ಬುಡಕ್ಕೊಂದು ಟೋಪಿ, ಟೋಪಿ ಎಬ್ಬಿಸಿದರೆ ನಟ್ಟು. ಇವರ ಪೆಟ್ಟಿಗೆಯ ಸ್ಪ್ಯಾನರುಗಳನ್ನು ಒಂದೊಂದಾಗಿ ಹಾಕಿ ನೋಡಿದೆ, ನಾಲ್ಕನೆಯದು ಕೂತಿತು. ನಟ್ಟು ಬಂತು, ಕಡ್ಡಿ ಬರಲಿಲ್ಲ. ತುಕ್ಕು ಕಚ್ಚಿ ಹಿಡಿದಿದೆ. ಸುತ್ತಿಗೆ ಎತ್ತಿದವಳು ಇಳಿಸಿದೆ. ಬಿಗಿದ ಬಾಟಲಿ ಮುಚ್ಚಳಕ್ಕೆ ಮಾಡುವುದನ್ನೇ ಮಾಡಿದೆ: ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿಟ್ಟು, ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಆಚೆ ಈಚೆ ಸಣ್ಣಗೆ ಅಲ್ಲಾಡಿಸುತ್ತ ಕೂತೆ. ಮುಕ್ಕಾಲು ಗಂಟೆ. ಹಠ ಹಿಡಿದ ಮಗುವಿನ ಮುಷ್ಟಿ ಬಿಡಿಸಿದ ಹಾಗೆ ಬಂತು.

ಪಕ್ಕದ ಮನೆಯಾಕೆ ಬಟ್ಟೆ ಒಣಹಾಕುತ್ತ, "ಇದೇನ್ರೀ, ಈ ವಯಸ್ಸಲ್ಲಿ ಮೆಕ್ಯಾನಿಕ್ಕಾ?" ಎಂದರು.

"ಹೌದು. ನಿಮ್ಮನೇಲಿ ಏನಾದ್ರೂ ಕೆಟ್ಟಿದ್ರೆ ಹೇಳಿ."

"ನಮ್ಮನೆಯವರೇ ಕೆಟ್ಟಿರೋದು, ರಿಪೇರಿ ಆಗುತ್ತಾ?"

"ಮಳೆಗೆ ಮೊದಲು ತರಬೇಕಿತ್ತು, ಈಗ ಸರದಿ ಇದೆ" ಅಂದೆ. ಬಟ್ಟೆ ಹಿಡಿದುಕೊಂಡೇ ನಕ್ಕರು.

ಪಟ್ಟಿ ಎತ್ತಿದರೆ ಒಂದು ಬುಟ್ಟಿ ಕೊಳೆತ ಎಲೆ. ಅದರಡಿ ಇವರ ಕಳೆದುಹೋದ ಬಾಚಣಿಗೆ, ಒಂದು ಮಾತ್ರೆಯ ಖಾಲಿ ಹಾಳೆ. ಎಲ್ಲ ಬಾಚಿ ತೆಗೆದ ಮೇಲೆ ಕಂಡಿತು ನೋಡಿ. ಕಂಡ ಕೂಡಲೇ ನನಗೆ ಗುರುತು ಸಿಕ್ಕಿತು! ಹೊಲಿಗೆ ಯಂತ್ರದಲ್ಲಿ ಕಾಲಿನಿಂದ ತುಳಿಯುವ ಹಲಗೆಯನ್ನು ಚಕ್ರಕ್ಕೆ ಸೇರಿಸುವ ಸಲಾಕೆ ಇದೆಯಲ್ಲ, ಅದೇ ಸಂಸಾರ. ಇಲ್ಲಿ ಮೋಟರ್ ತಿರುಗುತ್ತದೆ, ಅದರ ಗಿಡ್ಡ ತೋಳು ಸುತ್ತು ಹಾಕುತ್ತದೆ, ತೋಳಿಗೆ ಸಿಕ್ಕಿಸಿದ ಸಲಾಕೆ ಹೋಗಿ ಬಂದು ಮಾಡುತ್ತದೆ, ಸಲಾಕೆ ಎರಡು ಕಡ್ಡಿಗಳನ್ನು ಆಡಿಸುತ್ತದೆ. ತೋಳಿನ ತುದಿಯಲ್ಲಿ ಗೋಲಿಯಷ್ಟು ಕಬ್ಬಿಣದ ಗುಂಡು, ಸಲಾಕೆಯ ತುದಿಯಲ್ಲಿ ಅದು ಕೂರುವ ಬಟ್ಟಲು. ಬಟ್ಟಲಿನ ಒಳಗಿದ್ದ ಪ್ಲಾಸ್ಟಿಕ್ ಪದರ ಪುಡಿಯಾಗಿ ಗುಂಡು ಜಾರಿ ಹೊರಗೆ ಬಿದ್ದಿದೆ. ಅದಕ್ಕೇ ಮೋಟರ್ ಒಂಟಿಯಾಗಿ ತಿರುಗುತ್ತಿದ್ದದ್ದು.

ಇಷ್ಟೇ. ಉಗುರಿನಷ್ಟು ಪ್ಲಾಸ್ಟಿಕ್.

ಪ್ಲಾಸ್ಟಿಕ್ಕಿಗೆ ಬದಲು ತೊಗಲು ಹಾಕಬಹುದು. ಯಂತ್ರದ ಸಲಾಕೆ ಸವೆದಾಗ ಹಾಗೇ ಮಾಡಿ ಒಂಬತ್ತು ವರ್ಷ ಹೊಲಿದಿದ್ದೇನೆ. ತೊಗಲಿಗೆಂದು ಇವರ ಬಲಗಾಲಿನ ಬೂಟು ತೆಗೆದೆ. ಕತ್ತರಿ ಹಿಡಿದ ಮೇಲೆ ಹೊಳೆಯಿತು, ಕಟ್ಟುಗಾಲಿಗೂ ಬೂಟು ಬೇಕಲ್ಲ. ಬ್ರಷ್ ತಂದು ಎರಡೂ ಬೂಟುಗಳಿಗೆ ಪಾಲಿಶ್ ಹಚ್ಚಿ ಅದೇ ಜಾಗದಲ್ಲಿಟ್ಟೆ. ನನ್ನ ಹಳೇ ಚಪ್ಪಲಿಯ ಪಟ್ಟಿ ಕತ್ತರಿಸಿದೆ. ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಯಲಿ.

ಜೂನ್ ೧೩, ಗುರುವಾರ

ಮುರಿದೆ.

ಮೊದಲು ಎಲ್ಲ ಸರಿಯಾಗಿತ್ತು. ನೆನೆದ ತೊಗಲನ್ನು ಬಟ್ಟಲಿಗೆ ಒತ್ತಿ ಗುಂಡು ಕೂರಿಸಿದೆ. ಮೇಣ ಹಚ್ಚಿದ ದಪ್ಪ ನೂಲಿನಿಂದ ಏಳು ಸುತ್ತು ಬಿಗಿದೆ, ಮೇಲೊಂದು ತಂತಿ ಕಟ್ಟಿದೆ. ಸ್ವಿಚ್ಚು ಹಾಕಿದರೆ ಸಲಾಕೆ ಹೋಗಿ ಬಂದು ಮಾಡಿತು. ಒಬ್ಬಳೇ ಚಪ್ಪಾಳೆ ತಟ್ಟಿದೆ.

ಆಮೇಲೆ ಬುದ್ಧಿವಂತಿಕೆ ತೋರಿಸಿದೆ. ಹೊಲಿಗೆ ಯಂತ್ರದ ಮೊದಲ ಪಾಠ: ಏನು ಹಾಕುವುದಿದ್ದರೂ ಕೀಳುವುದಿದ್ದರೂ ಸೂಜಿ ತುತ್ತತುದಿಯಲ್ಲಿರಬೇಕು. ಇಲ್ಲೂ ಹಾಗೇ ಇರಬೇಕೆಂದು, ಸಲಾಕೆ ತುತ್ತತುದಿಗೆ ಏರಿದ ಕ್ಷಣವನ್ನೇ ಕಾದು ಟಕ್ಕನೆ ಕೀ ಕಿತ್ತೆ. ಕಡ್ಡಿಗಳನ್ನು ಗಾಜಿನ ಬುಡಕ್ಕೆ ಅಂದವಾಗಿ ಮಲಗಿಸಿ ನಟ್ಟು ಬಿಗಿದೆ. ದೇವರನ್ನು ನೆನೆದು ಸ್ವಿಚ್ಚು ಹಾಕಿದೆ.

ಮೇಲೆ ಏಳಬೇಕಾದ ಎರಡೂ ಕೆಳಗೆ ನುಗ್ಗಿದವು. ಬಾನೆಟ್ಟಿಗೆ ಧಡ್ ಎಂದು ಬಡಿದವು. ಒಂದು ಕಡ್ಡಿ ಬಾಗಿತು, ಅದರ ಬ್ಲೇಡು ಹರಿದು ನೇತಾಡಿತು, ಬಾನೆಟ್ಟಿನ ಮೇಲೆ ಗೇಣುದ್ದ ಬಣ್ಣ ಕಿತ್ತುಬಂತು. ಇವರು ಭಾನುವಾರ ಭಾನುವಾರ ಉಜ್ಜುತ್ತಿದ್ದ ಬಾನೆಟ್ಟು.

ಸದ್ದಿಗೆ ಪಕ್ಕದ ಮನೆಯಾಕೆ ಹೊರಗೆ ಬಂದರು. ನನ್ನನ್ನು ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಜೂನ್ ೧೫, ಶನಿವಾರ

ಆಸ್ಪತ್ರೆಗೆ ಹೋಗಲಿಲ್ಲ. ಮಳೆ. ಕಾರಿನ ಮೇಲೆ ಟಾರ್ಪಾಲು ಹೊದಿಸಿದ್ದೇನೆ, ಹೆಣಕ್ಕೆ ಹೊದಿಸಿದ ಹಾಗಿದೆ.

ಒಪ್ಪಿಗೆ ಪತ್ರ ತೆಗೆದೆ. ಊರು, ತಾರೀಖು ತುಂಬಿದೆ. ಭಾವನ ಮನೆಯಲ್ಲಿ ಊಟ ಹೊತ್ತಿಗೆ ಸಿಗುತ್ತದೆ, ಆಸ್ಪತ್ರೆ ನಡೆದು ಹೋಗುವ ದೂರ. ನನ್ನ ಕೈಗೆ ಸಿಕ್ಕರೆ ಬಾನೆಟ್ಟಿನ ಗತಿಯೇ ಇವರಿಗೂ.

ರುಜು ಹಾಕಲಿಲ್ಲ. ಕೈ ಒದ್ದೆಯಿತ್ತು, ಕಾಗದ ಹಾಳಾಗುತ್ತದೆಂದು.

ಜೂನ್ ೧೭, ಸೋಮವಾರ

ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಲೇಬೇಕಿತ್ತು, ಟಾರ್ಪಾಲು ತೆಗೆದೆ. ಕಡ್ಡಿಗಳನ್ನು ಬಿಚ್ಚಿಟ್ಟು, ಸುಮ್ಮನೆ ಸಲಾಕೆಯ ಆಟ ನೋಡೋಣವೆಂದು ಸ್ವಿಚ್ಚು ಹಾಕಿದೆ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು, ಚಡ್ಡಿ ಯಾವಾಗ ಕೊಡುತ್ತೀರೆಂದು ಶಾಲೆಯವರು. ಹೋಗುವ ಅವಸರದಲ್ಲಿ ಕೀ ಕೀಳದೆ ಬರೀ ವೈಪರ್ ಸ್ವಿಚ್ಚು ಆರಿಸಿದೆ. ಕಣ್ಣಂಚಿನಲ್ಲಿ ಕಂಡಿತು: ಆರಿಸಿದ ಮೇಲೂ ಸಲಾಕೆ ನಿಲ್ಲಲಿಲ್ಲ. ತನ್ನ ಪಾಡಿಗೆ ಇನ್ನಷ್ಟು ದೂರ ಹೋಗಿ, ಒಂದು ಕಡೆ ನಿಂತಿತು.

ಶಾಲೆಯವರಿಗೆ ಏನು ಹೇಳಿದೆನೋ ನೆನಪಿಲ್ಲ.

ಬಂದು ಮತ್ತೆ ಹಾಕಿದೆ, ಮತ್ತೆ ಆರಿಸಿದೆ. ಅದೇ ಜಾಗ. ಮೋಟರಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಹನ್ನೆರಡು ಸಲ ನೋಡಿದೆ, ಹನ್ನೆರಡು ಸಲವೂ ಗುರುತಿಗೇ ಬಂದು ನಿಂತಿತು. ಕೀ ಕಿತ್ತರೆ ಪಾಪ, ಇದ್ದಲ್ಲೇ ಸಾಯುತ್ತದೆ. ಕೀ ಬಿಟ್ಟು ಸ್ವಿಚ್ಚು ಮಾತ್ರ ಆರಿಸಿದರೆ ತಾನಾಗಿ ಹೋಗಿ ತನ್ನ ಜಾಗದಲ್ಲಿ ಮಲಗುತ್ತದೆ. ಅದು ಎಲ್ಲಿ ಮಲಗುತ್ತದೆಂದು ನಾನು ಹೇಳುವುದಲ್ಲ. ಅದು ಮಲಗಿದ ಮೇಲೆ ಕಡ್ಡಿ ಹಾಕಬೇಕು. ಅಷ್ಟು ಕಾಯಬೇಕಿತ್ತು ನಾನು.

ಅಂಗಡಿಯಿಂದ ಎರಡು ಹೊಸ ಬ್ಲೇಡು ತಂದೆ. ಬಾಗಿದ ಕಡ್ಡಿಯನ್ನು ಬಾಗಿಲ ಸಂದಿಗೆ ಸಿಕ್ಕಿಸಿ ನೆಟ್ಟಗೆ ಮಾಡಿದೆ. ಎಲ್ಲ ಹಾಕಿ, ಗಾಜಿಗೆ ಬಕೆಟ್ಟು ನೀರು ಎರಚಿ, ಒಳಗೆ ಓಡಿಬಂದು ಸ್ವಿಚ್ಚು ಹಾಕಿದೆ. ಎದ್ದವು! ಎರಡೂ ಎದ್ದವು, ಹೋದವು, ಬಂದವು. ಆರಿಸಿದರೆ ಬುಡಕ್ಕೆ ಹೋಗಿ ಜೋಡಿಯಾಗಿ ಮಲಗಿದವು. ಎಂಟು ಬಕೆಟ್ಟು ಎರಚಿದೆ.

ಸಂಜೆ ದೀಪ ಹಚ್ಚುವಾಗ ನೆನಪಾಯಿತು, ಇವತ್ತು ಉಪವಾಸ. ಮಧ್ಯಾಹ್ನ ಎಣ್ಣೆ ಕೈಯಲ್ಲೇ ನಾಲ್ಕು ತುಂಡು ಬ್ರೆಡ್ ತಿಂದಿದ್ದೇನೆ. ಹದಿನೇಳು ಸೋಮವಾರ ನಡೆಸಿದವಳು ಹದಿನೆಂಟನೆಯದರಲ್ಲಿ ತಿಂದೆ. ಬಹಳ ಹೊತ್ತು ದೇವರ ಮುಂದೆ ಕೂತೆ. ಬೈಸಿಕೊಂಡ ಹಾಗೆ ಅನ್ನಿಸಲಿಲ್ಲ. ಹಸಿದಿದ್ದೆ, ತಿಂದೆ, ಅಷ್ಟೇ.

ಜೂನ್ ೧೮, ಮಂಗಳವಾರ

ವ್ಯಾನಿನವನು ಒಪ್ಪಿಗೆ ಪತ್ರ ಕೇಳಿದ.

"ಶುಕ್ರವಾರ ತಾನೇ?" ಅಂದೆ.

"ಹೌದಕ್ಕ, ಆದ್ರೆ ನಿಮ್ಮ ಭಾವ ಮೂರು ದಿನ ಮುಂಚೇನೇ ಕೇಳು ಅಂದಿದಾರೆ. ನಾನು ಬ್ರೆಡ್ಡಿನವನೋ ಅವರ ಜವಾನನೋ ನನಗೇ ಅನುಮಾನ ಬಂದ್ಬಿಟ್ಟಿದೆ."

ವೈಪರ್ ತೋರಿಸಿದೆ. ಬಾಯಿಬಿಟ್ಟುಕೊಂಡು ನೋಡಿದ. "ನಿಮ್ಮನೆಯವರಿಗೆ ಹೇಳ್ಲಾ?"

"ಬೇಡ" ಅಂದೆ. ಬಾಯಿಮಾತಿನಲ್ಲಿ ಹೋದರೆ, "ಸರಿಯಾಗಿದೆಯಂತೆ" ಅನ್ನುವ "ಅಂತೆ" ಆಗುತ್ತದೆ. ಭಾವ ಅದಕ್ಕೆ ಏಳನೇ ಕಲಮು ಬರೆಯುತ್ತಾರೆ.

ಜೂನ್ ೨೦, ಗುರುವಾರ

ಮಧ್ಯಾಹ್ನ ಮಳೆ ಸುರಿಯಿತು. ಗಾಡಿ ತೆಗೆದೆ.

ಬೀದಿ ತುದಿಯಲ್ಲಿ ನಿಲ್ಲಿಸಿ ದಿಂಬನ್ನು ಹಿಂದಿನ ಸೀಟಿಗೆ ಎಸೆದೆ. ಸೀಟನ್ನು ಮುಂದಕ್ಕೆ ಎಳೆದುಕೊಂಡ ಮೇಲೆ ಕಾಲು ಚೆನ್ನಾಗಿ ಎಟುಕಿತು. ಸೇತುವೆ ದಾಟಿ ಲಾರಿಗಳ ದೊಡ್ಡ ರಸ್ತೆಗೆ ಬಂದೆ. ಒಂದು ಲಾರಿ ಪಕ್ಕಕ್ಕೆ ಬಂದು ಕೆಸರು ನೀರಿನ ಗೋಡೆಯನ್ನೇ ಎತ್ತಿ ಹಾಕಿತು. ಕಣ್ಣು ಕಟ್ಟಿತು. ಇವರು ಎರಡು ಸಲ ಅಂದದ್ದು ಇಲ್ಲೇ ಇರಬೇಕು ಎಂದು ಬ್ರೇಕಿನ ಮೇಲೆ ಕಾಲಿಟ್ಟೆ. ಅಷ್ಟರಲ್ಲಿ ವೈಪರ್ ಬಂತು, ದಾರಿ ಕಂಡಿತು. ಇನ್ನೊಮ್ಮೆ ಬಂತು, ಎಲ್ಲ ಕಂಡಿತು.

ಹೋಗಿ ಬಂದದ್ದು ಒಂದೂವರೆ ಗಂಟೆ. ಮನೆಗೆ ಬಂದು ಪಟ್ಟಿ ಎಬ್ಬಿಸಿ ನೋಡಿದೆ. ನೂಲು ಬಿಗಿಯಾಗಿದೆ, ತೊಗಲು ಜರುಗಿಲ್ಲ. ಹೊಸ ಸೆಟ್ಟು ಬರುವ ತನಕ ಧಾರಾಳ.

ಬಾಗಿಲ ಬೀಗ ತೆಗೆದು ಒಳಗೆ ಹೋದರೆ ಮನೆ ಹಾಗೇ ಇತ್ತು. ಒಂದು ತಟ್ಟೆ, ಒಂದು ಲೋಟ. ಗೆದ್ದು ಬಂದೆನೆಂದು ಹೇಳಲು ಗೋಡೆಗಳಷ್ಟೇ. ಇಷ್ಟು ದಿನ ಇವರಿಗೆ ಕಾಲಿಲ್ಲ, ನಾನು ಬೇಕಾಗುತ್ತೇನೆ, ಅದಕ್ಕೇ ಮನೆಗೆ ಬರಲಿ ಅನ್ನುತ್ತಿದ್ದೆ. ಇವತ್ತು ತಟ್ಟೆ ನೋಡಿ ಅನ್ನಿಸಿದ್ದು ಬೇರೆ: ನನಗೆ ಇವರು ಬೇಕು.

ಒಪ್ಪಿಗೆ ಪತ್ರದ ಬೆನ್ನಿಗೆ ಉತ್ತರ ಬರೆದೆ. ಭಾವನಿಗಲ್ಲ, ಇವರಿಗೆ. "ರುಜು ಹಾಕುವುದಿಲ್ಲ. ಮಳೆಯಲ್ಲಿ ಅರವತ್ತು ಕಿಲೋಮೀಟರ್ ಬರಬಲ್ಲೆ, ವಾರಕ್ಕೆ ಮೂರು ಸಲವೂ ಬರಬಲ್ಲೆ. ನಿಮಗೆ ಅಣ್ಣನ ಮನೆಯೇ ಸುಖವೆಂದರೆ ತಡೆಯುವುದಿಲ್ಲ, ಅದನ್ನು ನನ್ನ ಮುಖ ನೋಡಿ ಹೇಳಿ. ನನಗೇನಾದರೂ ಆದೀತೆಂಬ ಹೆದರಿಕೆಗೆ ಹಾಕಿದ ರುಜು ಆಗಿದ್ದರೆ ಅದನ್ನು ಹೊಡೆದುಹಾಕಿ. ಮನೆಯಲ್ಲಿ ನೀವಿಲ್ಲದೆ ನನಗೆ ಆಗುತ್ತಿಲ್ಲ."

ಕೊನೆಯ ಸಾಲು ಎರಡು ಸಲ ಹೊಡೆದುಹಾಕಿ ಮೂರನೇ ಸಲ ಬರೆದೆ.

ಜೂನ್ ೨೧, ಶುಕ್ರವಾರ

ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ, ದೊಡ್ಡಾಸ್ಪತ್ರೆಯ ಗೇಟಿನ ಎದುರು. ಹತ್ತೂಕಾಲು. ಮಳೆ ಬಿಟ್ಟಿಲ್ಲ. ಏಳೂವರೆಗೆ ಹೊರಟೆ. ದಾರಿಯಲ್ಲಿ ಒಂದು ಕಡೆ ರಸ್ತೆಯ ಮೇಲೆ ಗೇಣುದ್ದ ನೀರು, ಲಾರಿಯೊಂದು ದಾಟಿದ ಮೇಲೆ ಅದರ ಹಿಂದೆಯೇ ದಾಟಿದೆ. ಒಂದು ಕಡೆ ನಿಲ್ಲಿಸಿ ಅತ್ತೆ, ಯಾಕೆಂದು ಗೊತ್ತಿಲ್ಲ. ಅತ್ತಾದ ಮೇಲೆ ಮುಂದೆ ಬಂದೆ.

ಮೇಲೆ ವಾರ್ಡಿಗೆ ಹೋಗುವುದಿಲ್ಲ. ಹೋದರೆ ಕುರ್ಚಿಯಲ್ಲಿ ಭಾವ ಇರುತ್ತಾರೆ, ಇವರು ಕಿಟಕಿ ನೋಡುತ್ತಾರೆ, ಮಾತೆಲ್ಲ ಭಾವನ ಬಾಯಿಂದ ಬರುತ್ತದೆ. ಇಲ್ಲಿಂದ ಎರಡನೇ ಮಹಡಿಯ ಆ ಕಿಟಕಿ ಕಾಣುತ್ತದೆ. ಗಾಡಿಯನ್ನು ಅದರ ನೇರಕ್ಕೆ ನಿಲ್ಲಿಸಿದ್ದೇನೆ. ವೈಪರ್ ಆರಿಸಿಲ್ಲ.

ಗೇಟಿನ ಕಾವಲುಗಾರರು ಛತ್ರಿ ಹಿಡಿದು ಬಂದು ಗಾಜು ತಟ್ಟಿದರು. "ಅಮ್ಮಾ, ಇಲ್ಲಿ ನಿಲ್ಲಿಸಂಗಿಲ್ಲ. ಪೇಷೆಂಟ್ ಯಾರು?"

"ಎರಡನೇ ಮಹಡಿ, ಕಿಟಕಿ ಹತ್ತಿರದ ಹಾಸಿಗೆ. ನನ್ನ ಯಜಮಾನರು."

"ಮತ್ತೆ ಮೇಲೆ ಹೋಗಿ ನೋಡ್ಕೊಂಡು ಬನ್ನಿ. ನೋಡೋ ಸಮಯಾನೇ ಈಗ."

"ನಾನು ನೋಡೋಕೆ ಬಂದಿಲ್ಲ, ಅಣ್ಣಾ. ಉತ್ತರ ಕೊಡೋಕೆ ಬಂದಿದೀನಿ."

"ಕೊಡಿ, ನಾನೇ ಕೊಟ್ಟುಬರ್ತೀನಿ."

ಕೊಡಲಿಲ್ಲ. ಉತ್ತರದ ಕವರು ನನ್ನ ತೊಡೆಯ ಮೇಲಿದೆ. ಬೇರೆ ಚೀಟಿ ಬರೆದು ಅವರ ಕೈಯಲ್ಲಿಟ್ಟೆ. ಓದಿ ನನ್ನ ಮುಖ ನೋಡಿದರು. "ಅವರು ಮೆಟ್ಟಿಲು ಇಳೀಬೇಕಲ್ಲಮ್ಮ, ಹೊಸ ಕಾಲಲ್ಲಿ."

"ಲಿಫ್ಟ್ ಇದೆ. ಲಿಫ್ಟಿಂದ ಗೇಟಿಗೆ ನಲವತ್ತು ಹೆಜ್ಜೆ. ಹೋದ ಸಲ ಬಂದಾಗ ಎಣಿಸಿದೀನಿ."

"ಮಳೆ ಬೇರೆ."

"ನಿಮ್ಮ ಛತ್ರಿ ಇದೆಯಲ್ಲ, ಅಣ್ಣಾ."

ಚೀಟಿಯನ್ನು ಜೇಬಿಗೆ ಹಾಕಿಕೊಂಡು ಹೋಗಿದ್ದಾರೆ. ಚೀಟಿಯಲ್ಲಿ ಬರೆದದ್ದು ಇಷ್ಟು:

ರೀ, ಉತ್ತರ ತಂದಿದ್ದೇನೆ. ಕೆಳಗೆ ಗಾಡಿಯಲ್ಲಿದ್ದೇನೆ, ಕಿಟಕಿಯಿಂದ ನೋಡಿ. ಅಣ್ಣನವರನ್ನು ಕಳಿಸಬೇಡಿ, ಯಾರನ್ನೂ ಕಳಿಸಬೇಡಿ. ನೀವೇ ನಡೆದು ಬಂದು ತೆಗೆದುಕೊಂಡು ಹೋಗಿ.